ಮನೆಯ ಹಳೆಯ ಗಣಕಯಂತ್ರವೂ ಕನ್ನಡ ಬರವಣಿಗೆಯೂ

ಹೊಯ್ಸಳ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು ನಮ್ಮ ಊರಿನ ಸಮೀಪದ ಅಮೃತಾಪುರದಲ್ಲಿ ಕ್ರಿ.ಶ. 1196ರಲ್ಲಿ ಕಟ್ಟಿಸಿದ ದೇವಾಲಯವನ್ನೂ ಅಲ್ಲಿಯ ಶಿಲಾಶಾಸನವನ್ನೂ ಈ ಪತ್ರಿಕೆಯ ವಾಚಕರಲ್ಲಿ ನೋಡದವರು ವಿರಳ. ಆ ಶಾಸನದ ಪದ್ಯಗಳನ್ನು ರಚಿಸಿದವನು ಜನ್ನಕವಿಯೆಂಬುದೂ, ರೈಸ್ ಮಹಾಶಯರು 1901ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಗ್ರಂಥದ ಆರನೆಯ ಸಂಪುಟದಲ್ಲಿ, ಎಂದರೆ ಅಂದಿನ ಕಡೂರು ಜಿಲ್ಲೆಯ ಸಂಪುಟದಲ್ಲಿ, ಅದು ತರೀಕೆರೆ 45 ಎಂಬ ಸಂಖ್ಯೆಯನ್ನು ಪಡೆದಿರುವುದೂ ವಿದಿತವೇ ಆಗಿದೆ. ಆ ಸಂಪುಟದಲ್ಲಿ ನಮ್ಮ ತಾಲ್ಲೂಕಿನ ಭಾಗಕ್ಕೆ ಸೇರಿದ ಶಾಸನಗಳಿಗೆ ಒಂದು ಪದಸೂಚಿಯನ್ನು ಸಿದ್ಧಪಡಿಸಬೇಕೆಂಬ ಹಂಬಲದಿಂದ ನಾನು 2005ರಲ್ಲಿ ಮನೆಗೆ ಒಂದು ಗಣಕಯಂತ್ರವನ್ನು ತಂದು, ಪಾಠಶಾಲೆಯಲ್ಲಿ ಅಮರವನ್ನು ಉರುಹೊಡೆದ ಶ್ರದ್ಧೆಯಿಂದಲೇ ಅದರ ಕೀಲಿಮಣೆಯನ್ನು ಅಭ್ಯಾಸ ಮಾಡಿ, ಶಾಲೆಯ ಕೆಲಸದಿಂದ ಬಿಡುವಾದ ರಾತ್ರಿಗಳಲ್ಲಿ ಐದು ವರ್ಷಗಳ ಕಾಲ ಪದಗಳನ್ನು ತುಂಬಿದೆನು.

2016ರಲ್ಲಿ ಆ ಯಂತ್ರವು ಅಸ್ವಸ್ಥವಾಯಿತು. ಅದರ ಕಡತಗಳನ್ನು ಹೊಸದೊಂದು ಯಂತ್ರಕ್ಕೆ ಸಾಗಿಸಿಕೊಟ್ಟ ತರುಣನು, ಒಳ್ಳೆಯ ಹುಡುಗನೇ, ಪದಸೂಚಿಯನ್ನು ತೆರೆದು ನೋಡಿ ಮುಖ ಸಪ್ಪಗೆ ಮಾಡಿಕೊಂಡು, “ಮೇಷ್ಟ್ರೇ, ಫೈಲೆಲ್ಲಾ ಕೆಟ್ಟುಹೋಗಿದೆ. ಡಿಲೀಟ್ ಮಾಡ್ಬಿಡ್ಲಾ?” ಎಂದು ಕೇಳಿದನು. ನಾನು ಇಣಿಕಿ ನೋಡಲು, ಜನ್ನನ ಪದಗಳಿರಬೇಕಾಗಿದ್ದಲ್ಲಿ ಇಂಗ್ಲಿಷ್ ಪೌಂಡಿನ ಗುರುತುಗಳೂ, ತಲೆಯ ಮೇಲೆ ಓರೆಗೆರೆ ಹೊತ್ತ ರೋಮನ್ ಅಕ್ಷರಗಳೂ ಸಾಲುಗಟ್ಟಿ ನಿಂತಿದ್ದವು. “ಬೇಡಪ್ಪ, ಇರಲಿ” ಎಂದೆನು. ಹಾಗೆಂದದ್ದು ಯಾವ ತಿಳಿವಳಿಕೆಯಿಂದಲೂ ಅಲ್ಲ, ಬರೆದದ್ದನ್ನು ಅಳಿಸಲಾರದ ಹಳೆಯ ಸ್ವಭಾವದಿಂದ. ಆ ಕಡತದಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲವೆಂಬುದು ಅನಂತರ ತಿಳಿಯಿತು. ಕೆಡದೆ ಇದ್ದ ಬರಹವು ಓದಲಾಗದಂತೆ ಏಕಾಯಿತೆಂಬುದಕ್ಕೆ ಒಂದು ಚರಿತ್ರೆಯಿದೆ; ಅದನ್ನು ನಿರೂಪಿಸುವುದೇ ಪ್ರಕೃತ ಲೇಖನದ ಉದ್ದೇಶ.

ಗಣಕಯಂತ್ರವು ಅಕ್ಷರವನ್ನು ಅರಿಯದು. ಅದಕ್ಕೆ ತಿಳಿಯುವುದು ಸಂಖ್ಯೆ ಮಾತ್ರ. ಆದುದರಿಂದ ಯಾವ ಲಿಪಿಯನ್ನು ಅದರೊಳಗೆ ಇಡಬೇಕಾದರೂ ಇಂಥ ಅಕ್ಷರಕ್ಕೆ ಇಂಥ ಸಂಖ್ಯೆಯೆಂದು ಮೊದಲೇ ಗೊತ್ತುಮಾಡಬೇಕು. ಹಿಂದಿನ ಮನೆಯಂತ್ರಗಳ ಪದ್ಧತಿಯಲ್ಲಿ ಇದಕ್ಕಾಗಿ ಇದ್ದ ಸ್ಥಾನಗಳು ಒಟ್ಟು 256. ಅವುಗಳಲ್ಲಿ ಮೊದಲ 128 ಇಂಗ್ಲಿಷಿಗೂ ಅದರ ವಿರಾಮಚಿಹ್ನೆಗಳಿಗೂ ಯಂತ್ರದ ಆಂತರಿಕ ವ್ಯವಹಾರಕ್ಕೂ ಸಂದುಹೋಗಿದ್ದವು. ಭಾರತ ಸರ್ಕಾರದವರು ಉಳಿದ 128 ಸ್ಥಾನಗಳಲ್ಲಿ ನಮ್ಮ ದೇಶದ ಬ್ರಾಹ್ಮೀಮೂಲದ ಲಿಪಿಗಳಿಗೆಲ್ಲ ಸಾಮಾನ್ಯವಾದ ಒಂದೇ ವರ್ಣಪಟ್ಟಿಯನ್ನು ಕೂಡಿಸಿ, 1991ರಲ್ಲಿ ‘ಇಸ್ಕಿ’ ಎಂಬ ಶಿಷ್ಟಕ್ರಮವನ್ನು ಗೊತ್ತುಪಡಿಸಿದರು. ಇದಕ್ಕೆ ಹೊಂದುವ ‘ಇನ್‌ಸ್ಕ್ರಿಪ್ಟ್’ ಎಂಬ ಕೀಲಿಮಣೆಯು 1986ರಲ್ಲಿಯೇ ರೂಪುಗೊಂಡಿತ್ತು. ಅದರಲ್ಲಿ ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಕಾನಪುರದ ಐ.ಐ.ಟಿ.ಯಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ‘ಜಿಸ್ಟ್’ ಎಂಬ ಹಲಗೆಯನ್ನು ಯಂತ್ರದೊಳಗೆ ಸಿಕ್ಕಿಸಿದರೆ ಕನ್ನಡವು ತೆರೆಯ ಮೇಲೆ ಮೂಡುತ್ತಿತ್ತು. ಶಾಸ್ತ್ರದೃಷ್ಟಿಯಿಂದ ಇದು ಶುದ್ಧವಾದ ಮಾರ್ಗ. ಆದರೆ ಅದು ಕಛೇರಿಗಳ ಹೊಸ್ತಿಲನ್ನು ದಾಟಿ ನಮ್ಮಂಥವರ ಮನೆಗಳಿಗೆ ಬರಲಿಲ್ಲ.

ಮನೆಗಳಿಗೆ ಕನ್ನಡವನ್ನು ತಂದವರ ಪೈಕಿ ಮೊದಲು ಸ್ಮರಿಸಬೇಕಾದವರು ಕೆ. ಪಿ. ರಾವ್ ಅವರು. ಮಂಗಳೂರಿನ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಇವರು ಮುದ್ರಣದ ಅಕ್ಷರಜೋಡಣೆಯ ಕ್ಷೇತ್ರದಲ್ಲಿ ಬಹುಕಾಲ ಕೆಲಸ ಮಾಡಿದವರು. ಇವರು ರಚಿಸಿದ ಬರವಣಿಗೆಯ ತಂತ್ರಾಂಶಕ್ಕೆ, ಛಂದಸ್ಸಿನಲ್ಲಿಯೂ ಭಾಷಾವಿಚಾರದಲ್ಲಿಯೂ ಮಹಾವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ನೆನಪಿಗೆ ‘ಸೇಡಿಯಾಪು’ ಎಂದೇ ಹೆಸರಿಟ್ಟು, ಮೂಲ್ಯವಿಲ್ಲದೆ ಹಂಚಿದರು. ಪಂಡಿತರೊಬ್ಬರ ಹೆಸರು ಯಂತ್ರದ ಸಾಮಗ್ರಿಯೊಂದಕ್ಕೆ ಸಂದದ್ದು ನನ್ನಂಥವನಿಗೆ ಎಷ್ಟು ಹಿತವೆಂಬುದನ್ನು ಹೇಳಬೇಕಾಗಿಲ್ಲ. ರಾಯರ ಇನ್ನೊಂದು ಉಪಕಾರವು ಅವರ ಕೀಲಿಮಣೆ. ಅದನ್ನೇ ಆಧಾರವಾಗಿಟ್ಟುಕೊಂಡ ವಿನ್ಯಾಸವನ್ನು ಕರ್ನಾಟಕ ಸರ್ಕಾರವು ಮುಂದೆ ಶಿಷ್ಟವೆಂದು ಅಂಗೀಕರಿಸಿತು.

ಈ ಕೀಲಿಮಣೆಯ ಚಮತ್ಕಾರವು ಶಿಕ್ಷಾಶಾಸ್ತ್ರವನ್ನು ಓದಿದವರಿಗೆ ಕೂಡಲೇ ಮನಸ್ಸಿಗೆ ಹತ್ತುವುದು. ಇಂಗ್ಲಿಷಿನ ‘ಕೆ’ ಕೀಲಿಯನ್ನು ಒತ್ತಿದರೆ ಕಕಾರ. ಮೇಲಕ್ಷರದ ಕೀಲಿಯೊಡನೆ ಒತ್ತಿದರೆ ಖಕಾರ. ಹಾಗೆಯೇ ಗ-ಘ, ತ-ಥ, ಪ-ಫ. ಅಲ್ಪಪ್ರಾಣವು ಕೆಳಗೆ, ಅದರ ಮಹಾಪ್ರಾಣವು ಅದೇ ಕೀಲಿಯ ಮೇಲೆ. ಹ್ರಸ್ವದೀರ್ಘಗಳಿಗೂ ಇದೇ ಸಂಬಂಧ. ವ್ಯಂಜನವಾದ ಮೇಲೆ ಸ್ವರವನ್ನು ಒತ್ತಿದರೆ ಗುಣಿತವಾಗುವುದು. ‘ಎಫ್’ ಕೀಲಿಯು ಅಕಾರವನ್ನು ಲೋಪಮಾಡಿ ವ್ಯಂಜನವನ್ನು ಹಲಂತಮಾಡುವುದು. ‘ಕನ್ನಡ’ ಎಂಬ ಪದಕ್ಕೆ ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಒತ್ತು. ಕ, ನ, ಹಲಂತ, ನ, ಡ. ವಾಚಕರು ಈ ಐದರ ಲೆಕ್ಕವನ್ನು ಮುಂದಕ್ಕೂ ನೆನಪಿನಲ್ಲಿಡಬೇಕೆಂದು ಕೋರುತ್ತೇನೆ.

ಏಕೆಂದರೆ ಬೆರಳು ಐದು ವರ್ಣಗಳನ್ನು ಒತ್ತಿದರೂ ಯಂತ್ರವು ತನ್ನ ಭಂಡಾರದಲ್ಲಿ ಇಟ್ಟುಕೊಳ್ಳುತ್ತಿದ್ದುದು ಆ ಐದನ್ನಲ್ಲ. ಕನ್ನಡ ಗಣಕ ಪರಿಷತ್ತಿನವರು ಸರ್ಕಾರಕ್ಕಾಗಿ ಸಿದ್ಧಪಡಿಸಿದ ‘ನುಡಿ’, ಅಮೆರಿಕದಲ್ಲಿದ್ದ ಶೇಷಾದ್ರಿವಾಸು ಅವರು 1998ರಲ್ಲಿ ಹೊರತಂದ ‘ಬರಹ’, ಮುದ್ರಣಾಲಯಗಳಲ್ಲಿ ನಡೆಯುತ್ತಿದ್ದ ‘ಶ್ರೀಲಿಪಿ’, ‘ಆಕೃತಿ’, ‘ಪ್ರಕಾಶಕ್’ ಮುಂತಾದವುಗಳೆಲ್ಲ ಆ ಕಾಲದಲ್ಲಿ ಒಂದೇ ಉಪಾಯವನ್ನು ಹಿಡಿದಿದ್ದವು. ಕನ್ನಡದ ಒತ್ತುಗಳೂ ಗುಣಿತಗಳೂ ಸೇರಿದರೆ ಆಕಾರಗಳು ಸಾವಿರಾರು. ಸ್ಥಾನಗಳೋ 256ರ ಒಳಗೆ. ಆದಕಾರಣ ಅಕ್ಷರಗಳನ್ನು ತುಂಡುತುಂಡಾಗಿ ಕಡಿದು, ಆ ತುಂಡುಗಳನ್ನು ಇಂಗ್ಲಿಷ್ ಮೊದಲಾದ ಐರೋಪ್ಯ ಅಕ್ಷರಗಳಿಗೆ ಮೀಸಲಾಗಿದ್ದ ಸ್ಥಾನಗಳಲ್ಲಿ ಕೂಡಿಸಿ, ಫಾಂಟು ಎಂಬ ಅಕ್ಷರಮಾದರಿಯ ಬಲದಿಂದ ಅಲ್ಲಿ ಕನ್ನಡ ಕಾಣುವಂತೆ ಮಾಡಿದರು. ಅಚ್ಚಿನ ಮೊಳೆಗಳನ್ನು ಜೋಡಿಸುತ್ತಿದ್ದವರು ಬಡತನದಲ್ಲಿ ಮಾಡುತ್ತಿದ್ದ ಕೆಲಸವೇ ಇದು. ನುಡಿಯ ಕ್ರಮದಲ್ಲಿ ಕಕಾರವು ಒಂದು ಅಕ್ಷರವಲ್ಲ: ತಲೆಕಟ್ಟಿಲ್ಲದ ಅದರ ಒಡಲು ಇಂಗ್ಲಿಷಿನ ದೊಡ್ಡ ‘ಪಿ’ಯ ಸ್ಥಾನದಲ್ಲಿ, ತಲೆಕಟ್ಟು ಓರೆಗೆರೆಯುಳ್ಳ ದೊಡ್ಡ ‘ಎ’ಯ ಸ್ಥಾನದಲ್ಲಿ. ನಕಾರದ ಒಡಲು ಪೌಂಡಿನ ಗುರುತಿನ ಸ್ಥಾನದಲ್ಲಿ. ನಕಾರದ ಒತ್ತು ಜರ್ಮನ್ ಭಾಷೆಯವರ ವಿಶೇಷವಾದ ಒಂದು ಸಕಾರದ ಸ್ಥಾನದಲ್ಲಿ. ಡಕಾರದ ಒಡಲು ಚಿಕ್ಕ ‘ಕ್ಯೂ’ವಿನ ಸ್ಥಾನದಲ್ಲಿ. ಹೀಗೆ ‘ಕನ್ನಡ’ ಎಂಬ ಪದವು ಒಡಲು ಮೂರು, ತಲೆಕಟ್ಟು ಮೂರು, ಒತ್ತು ಒಂದು, ಒಟ್ಟು ಏಳು ತುಂಡುಗಳಾಗಿ ಉಳಿಯುತ್ತಿತ್ತು.

ಇನ್ನೂ ಸೋಜಿಗದ ಸಂಗತಿಗಳುಂಟು. ಮಕಾರಕ್ಕೆ ಸ್ವಂತದ ಒಡಲೇ ಇಲ್ಲ: ವಕಾರದ ಒಡಲಿಗೆ ತಲೆಕಟ್ಟಿಟ್ಟು, ಉಕಾರದ ಕೊಂಬು ಹಚ್ಚಿದರೆ ಮಕಾರ. ‘ವು’ ಎಂದು ಬರೆಯಬೇಕಾದಾಗ ತೊಡಕಾಗದಿರಲೆಂದು ಅದಕ್ಕೆ ಬೇರೊಂದು ಕೊಂಬು. ಯಕಾರವು ಅನುಸ್ವಾರದ ಸೊನ್ನೆಯಿಂದ ಆರಂಭವಾಗುತ್ತದೆ. ಧಕಾರವೆಂದರೆ ದಕಾರಕ್ಕೆ, ನಮ್ಮ ಮಕ್ಕಳು ‘ಹೊಟ್ಟೆ ಸೀಳು’ ಎನ್ನುವ ಗೆರೆಯನ್ನು ಸೇರಿಸಿದ್ದು. ಕಣ್ಣಿಗೆ ಎಲ್ಲವೂ ಸರಿ, ಅಚ್ಚಿಗೂ ಸರಿ. ವರ್ಣವಿಚಾರದಲ್ಲಿ ಮಾತ್ರ ಅನರ್ಥ. ‘ಧರ್ಮ’ ಎಂಬಲ್ಲಿ ರೇಫವು ಮಕಾರಕ್ಕಿಂತ ಮೊದಲು ಉಚ್ಚಾರವಾಗುವುದಷ್ಟೆ. ಅರ್ಕಾವೊತ್ತು ಬರವಣಿಗೆಯಲ್ಲಿ ಮಕಾರದ ಬಲಗಡೆಗೆ ಬರುವುದರಿಂದ ಯಂತ್ರದೊಳಗೂ ಅದು ಮಕಾರದ ತರುವಾಯವೇ ಉಳಿಯಿತು. ಸಂಖ್ಯೆಯ ಕ್ರಮವನ್ನೇ ನೆಚ್ಚಿ ನನ್ನ ಪದಸೂಚಿಯನ್ನು ಅಕಾರಾದಿಯಾಗಿ ಜೋಡಿಸ ಹೊರಟಾಗ, ಯಕಾರದ ಪದಗಳು ಅಕಾರಕ್ಕಿಂತ ಮುಂದೆ ಹೋಗಿ ಕುಳಿತವು. ರಕಾರದವು ಜಕಾರಕ್ಕೂ ಟಕಾರಕ್ಕೂ ನಡುವೆ ನುಸುಳಿದವು. ಮಂಟಪವೂ ವಂಶವೂ ಒಂದೇ ಪಂಕ್ತಿಯಲ್ಲಿ ಬೆರೆತುಹೋದವು. ಅಂದು ನನ್ನ ಅಜ್ಞಾನವೆಂದು ಭಾವಿಸಿ ಕೈಯಿಂದಲೇ ಜೋಡಿಸಿದೆನು.

ಹೀಗೆಂದು ಆ ತಂತ್ರಾಂಶಗಳನ್ನು ಹಳಿಯುವುದು ಕೃತಘ್ನತೆ. ಅವುಗಳಿಲ್ಲದಿದ್ದರೆ 1990ರಿಂದೀಚೆಗೆ ಎರಡು ದಶಕಗಳ ಕಾಲ ಕನ್ನಡದ ಪುಸ್ತಕಗಳು, ಪತ್ರಿಕೆಗಳು, ಶಾಲೆಯ ಪ್ರಶ್ನಪತ್ರಿಕೆಗಳು ಇಷ್ಟು ಸುಲಭವಾಗಿ ಹೊರಬರುತ್ತಿರಲಿಲ್ಲ. ನುಡಿಯವರೂ ಬರಹದವರೂ ತುಂಡುಗಳಿಗೆ ಒಂದೇ ಸಂಖ್ಯಾಕ್ರಮವನ್ನು ಅನುಸರಿಸಿದ್ದರಿಂದ ಒಂದರಲ್ಲಿ ಬರೆದದ್ದನ್ನು ಮತ್ತೊಂದರ ಫಾಂಟಿನಲ್ಲಿ ಓದಲು ಸಾಧ್ಯವಾಯಿತು. ಮುದ್ರಣಾಲಯದ ತಂತ್ರಾಂಶಗಳು ಹಲವು ತಮ್ಮ ತಮ್ಮ ಕ್ರಮಗಳನ್ನೇ ಇಟ್ಟುಕೊಂಡಿದ್ದವು. ಆದರೆ ಯಾವುದಾದರೂ ಒಂದು ಫಾಂಟಿನ ಹಂಗು ಎಲ್ಲಕ್ಕೂ ಇದ್ದೇ ಇತ್ತು. ಫಾಂಟು ಇಲ್ಲದ ಯಂತ್ರದಲ್ಲಿ ಆ ಕಡತವನ್ನು ತೆರೆದರೆ, ಆಯಾ ಸ್ಥಾನಗಳ ನಿಜವಾದ ಒಡೆಯರಾದ ಐರೋಪ್ಯ ಅಕ್ಷರಗಳು ಎದ್ದು ನಿಲ್ಲುವವು. ಆ ತರುಣನು ಕಂಡದ್ದು ಇದನ್ನೇ.

ಈ ತೊಡಕಿಗೆ ಪರಿಹಾರವು ನಾನು ಯಂತ್ರವನ್ನು ಕೊಳ್ಳುವ ಮೊದಲೇ ಪ್ರಪಂಚದಲ್ಲಿ ಹುಟ್ಟಿತ್ತೆಂಬುದೇ ವಿಷಾದದ ಮಾತು. ಲೋಕದ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆಗಳನ್ನು ಕೊಡುವ ‘ಯೂನಿಕೋಡ್’ ಎಂಬ ಕ್ರಮದ ಮೊದಲ ಆವೃತ್ತಿಯು 1991ರಲ್ಲಿಯೇ ಪ್ರಕಟವಾಗಿ, ಅದರಲ್ಲಿ ಕನ್ನಡಕ್ಕೆ 3200ರಿಂದ 3327ರ ವರೆಗೆ 128 ಸ್ಥಾನಗಳು ದೊರೆತಿದ್ದವು. ಇಸ್ಕಿಯ ವರ್ಣಪಟ್ಟಿಯನ್ನೇ ಅನುಸರಿಸಿದ್ದರಿಂದ ಭಾರತೀಯ ಲಿಪಿಗಳಿಗೆ ಅಲ್ಲಿ ಪರಸ್ಪರ ಸಂವಾದವಿದೆ. ದೇವನಾಗರಿಯ ಆರಂಭವಾದ 2304ಕ್ಕೆ 21ನ್ನು ಕೂಡಿಸಿದರೆ ಅಲ್ಲಿಯ ಕಕಾರ. ನಮ್ಮ 3200ಕ್ಕೆ ಅದೇ 21ನ್ನು ಕೂಡಿಸಿದರೆ ನಮ್ಮ ಕಕಾರ. ‘ಕನ್ನಡ’ ಎಂಬುದು 3221, 3240, 3277, 3240, 3233 ಎಂದು ಐದೇ ಸಂಖ್ಯೆ. ಬೆರಳು ಒತ್ತಿದ ಆ ಐದೇ. ಒತ್ತನ್ನು ಎಲ್ಲಿಡಬೇಕು, ತಲೆಕಟ್ಟು ಹೇಗಿರಬೇಕು ಎಂಬುದು ಓದುವಾಗಿನ ಚಿಂತೆ. ಕಡತದಲ್ಲಿ ಇರುವುದು ವರ್ಣ ಮಾತ್ರ. ನಕಾರದ 3240ಕ್ಕೂ ಪಕಾರದ 3242ಕ್ಕೂ ನಡುವೆ 3241 ಬರಿದಾಗಿದೆ. ತಮಿಳಿಗೆ ಇನ್ನೊಂದು ನಕಾರವುಂಟಾದುದರಿಂದ, ಬಾರದ ನೆಂಟನಿಗೆ ಹಾಕಿದ ಮಣೆಯಂತೆ ನಮ್ಮ ಪಂಕ್ತಿಯಲ್ಲಿಯೂ ಆ ಸ್ಥಾನವನ್ನು ಬಿಟ್ಟಿದ್ದಾರೆ. ಶಕಟರೇಫಕ್ಕೆ 3249, ಹಳಗನ್ನಡದ ೞಕಾರಕ್ಕೆ 3294 ಸಂದಿವೆ. ಆದರೆ ಈ ಕಡೆಯದಕ್ಕೆ ಅವರ ಪಟ್ಟಿಯಲ್ಲಿ ‘ಫಾ’ ಎಂಬ ಹೆಸರು ಬಿದ್ದಿದೆ! ಅದು ತಪ್ಪೆಂದು ಅವರೇ ಒಪ್ಪಿದರೂ, ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ನಿಯಮವಾದ್ದರಿಂದ, ಪಂಪನ ೞಕಾರವು ಆಚಂದ್ರಾರ್ಕವಾಗಿ ‘ಫಾ’ ಎಂದೇ ಕರೆಯಿಸಿಕೊಳ್ಳಬೇಕಾಗಿದೆ.

ಕ್ರಮವಿದ್ದರಾಯಿತೇ, ಯಂತ್ರವು ಅದನ್ನು ಅರಿಯಬೇಡವೇ? ಮನೆಗಳಲ್ಲಿ ಹೆಚ್ಚಾಗಿದ್ದ ವಿಂಡೋಸ್ ವ್ಯವಸ್ಥೆಯಲ್ಲಿ ಕನ್ನಡದ ಯೂನಿಕೋಡಿಗೆ ಎಡೆ ದೊರೆತದ್ದು 2001ರ ‘ಎಕ್ಸ್‌ಪಿ’ ಆವೃತ್ತಿಯಲ್ಲಿ. ದೇವನಾಗರಿ ಮತ್ತು ತಮಿಳುಗಳಿಗೆ ಅದರ ಹಿಂದಿನ 2000ದ ಆವೃತ್ತಿಯಲ್ಲಿಯೇ ದೊರೆತಿತ್ತು. ಎಕ್ಸ್‌ಪಿಯೊಡನೆ ಬಂದ ಕನ್ನಡ ಫಾಂಟಿನ ಹೆಸರು ‘ತುಂಗಾ’. ಭದ್ರೆಯ ದಡದವರಾದ ನಮಗೆ ಈ ಹೆಸರಿನಲ್ಲಿ ತವರಿನ ಸಲಿಗೆಯಿದ್ದರೂ, ಅದು ತಾನಾಗಿಯೇ ಕೆಲಸಕ್ಕೆ ಬರುತ್ತಿರಲಿಲ್ಲ. ಕಂಟ್ರೋಲ್ ಪ್ಯಾನೆಲ್ಲಿನೊಳಗೆ ಭಾಷೆಗಳ ಏರ್ಪಾಡಿನ ಪುಟವನ್ನು ತೆರೆದು, ‘ಜಟಿಲ ಲಿಪಿಗಳೂ ಬಲದಿಂದ ಎಡಕ್ಕೆ ಬರೆಯುವ ಭಾಷೆಗಳೂ’ ಎಂಬರ್ಥದ ಇಂಗ್ಲಿಷ್ ಸಾಲಿನ ಮುಂದಿನ ಚೌಕದಲ್ಲಿ ಗುರುತು ಹಾಕಿ, ಯಂತ್ರವು ಕೇಳಿದ ಮೂಲ ಸಿ.ಡಿ.ಯನ್ನು ಒಳಗಿಟ್ಟು, ಯಂತ್ರವನ್ನು ಮತ್ತೊಮ್ಮೆ ಹೊಸದಾಗಿ ಚಾಲೂ ಮಾಡಬೇಕಾಗಿತ್ತು. ಎಡದಿಂದ ಬಲಕ್ಕೆ ಬರೆಯುವ ಕನ್ನಡಿಗನು ತನ್ನ ಭಾಷೆಯನ್ನು ಅರಬ್ಬಿ, ಹೀಬ್ರೂಗಳ ಪೆಟ್ಟಿಗೆಯಲ್ಲಿ ಹುಡುಕಬೇಕೆಂದು ಯಾರಿಗೆ ತೋಚೀತು? ನನಗಂತೂ ತೋಚಲಿಲ್ಲ. 2005ರಿಂದ 2010ರ ವರೆಗೆ ಪದಸೂಚಿಯನ್ನು ಬರೆದ ಆ ಯಂತ್ರದಲ್ಲಿ ತುಂಗೆಯು ಮೊದಲ ದಿನದಿಂದಲೂ ಗುಪ್ತಗಾಮಿನಿಯಾಗಿದ್ದಳು; ಒಂದು ಚೌಕದಲ್ಲಿ ಗುರುತು ಹಾಕದಿದ್ದುದರಿಂದ ನಾನು ವರ್ಣಗಳನ್ನು ಬಿಟ್ಟು ತುಂಡುಗಳನ್ನು ಶೇಖರಿಸುತ್ತ ಹೋದೆನು.

ನಮ್ಮ ನೆರೆಯಲ್ಲಿ ಈ ವಿಷಯದ ಅರಿವಿದ್ದವರು ಇರಲಿಲ್ಲವೆಂದಲ್ಲ. ನಮ್ಮ ಜಿಲ್ಲೆಯ ಮೂಡಿಗೆರೆಯಲ್ಲಿ ವಾಸವಾಗಿದ್ದ ಪೂರ್ಣಚಂದ್ರ ತೇಜಸ್ವಿಯವರು 2007ರಲ್ಲಿ ತೀರಿಕೊಳ್ಳುವ ವರೆಗೂ ಕನ್ನಡದ ತಂತ್ರಾಂಶಗಳ ಕೊರತೆಯನ್ನು ಕುರಿತು ಆಸ್ಥೆ ವಹಿಸಿದ್ದರು. ನಮ್ಮ ತಾಲ್ಲೂಕಿನ ಗಡಿಗೆ ಹೊಂದಿದಂತಿರುವ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಚಿದಾನಂದ ಗೌಡರು ಗಣಕಶಾಸ್ತ್ರವನ್ನು ಬೋಧಿಸಿದವರು, ಸರ್ಕಾರದ ಕನ್ನಡ ತಂತ್ರಾಂಶ ಸಮಿತಿಗೆ ಅಧ್ಯಕ್ಷರಾಗಿದ್ದವರು. ಕನ್ನಡದ ವಿಕಿಪೀಡಿಯವು 2003ರಲ್ಲಿಯೇ ಯೂನಿಕೋಡಿನಲ್ಲಿ ಮೊದಲಾಗಿತ್ತು. ಕೊರತೆಯಿದ್ದದ್ದು ಈ ತಿಳಿವಳಿಕೆಯು ಮೇಷ್ಟರ ಮನೆಯ ಮೇಜಿನ ವರೆಗೆ ನಡೆದು ಬರುವುದರಲ್ಲಿ.

ಇನ್ನು ಕಡತದ ಉದ್ಧಾರದ ವಿಚಾರ. ಅಸ್ವಸ್ಥವಾಗಿದ್ದ ಹಳೆಯ ಯಂತ್ರವನ್ನು ನಾನು ತೂಕಕ್ಕೆ ಮಾರದೆ ಅಟ್ಟದ ಮೇಲೆ ಇರಿಸಿದ್ದೆನು. ಕಲಿಸಿದ ಶಿಷ್ಯನೊಬ್ಬನು ಅದರ ಧೂಳು ಕೊಡಹಿ, ಸ್ಮರಣೆಯ ಹಲಗೆಯನ್ನು ಕಿತ್ತು ಒರೆಸಿ ಮರಳಿ ಕೂರಿಸಲು, ಅದು ಎದ್ದಿತು. ತೆರೆಯ ಮೇಲೆ ಜನ್ನನ ಪದಗಳು ಇದ್ದಂತೆಯೇ ಇದ್ದವು. ಆ ಯಂತ್ರದ ಫಾಂಟುಗಳ ಸಂಪುಟದಿಂದ ನುಡಿಯ ಫಾಂಟುಗಳನ್ನು ನಕಲುಮಾಡಿ ಹೊಸ ಯಂತ್ರದಲ್ಲಿ ಹಾಕಿದಾಗ ಅಲ್ಲಿಯೂ ಕನ್ನಡವು ಮೂಡಿತು. ಇದರಲ್ಲಿಯೂ ಒಂದು ಸೂಕ್ಷ್ಮವುಂಟು. ನುಡಿಯ ಫಾಂಟುಗಳಲ್ಲಿ ಕೊನೆಗೆ ‘ಇ’ ಎಂಬ ಇಂಗ್ಲಿಷ್ ಅಕ್ಷರವಿರುವವು ಕೆಲವು, ‘ಕೆ’ ಇರುವವು ಕೆಲವು. ಮೊದಲನೆಯದರಲ್ಲಿ ಅಂಕೆಗಳು 1196 ಎಂದೂ ಎರಡನೆಯದರಲ್ಲಿ ೧೧೯೬ ಎಂದೂ ಕಾಣುವವು.

ಹಳೆಯ ಯಂತ್ರವನ್ನು ಇಟ್ಟುಕೊಳ್ಳುವುದೂ ಒಂದು ಸಂಸಾರವೇ. ಎಕ್ಸ್‌ಪಿಗೆ ಅದರ ತಯಾರಕರು ರಕ್ಷಣೆಯ ತಿದ್ದುಪಡಿಗಳನ್ನು ಒದಗಿಸುವುದನ್ನು 2014ರ ಏಪ್ರಿಲ್ 8ರಂದು ನಿಲ್ಲಿಸಿದರು. ಆದುದರಿಂದ ಅದನ್ನು ಅಂತರ್ಜಾಲಕ್ಕೆ ಸೇರಿಸುವುದಿಲ್ಲ. ಹೊಸ ತಂತ್ರಾಂಶಗಳನ್ನು ಅದಕ್ಕೆ ತುರುಕುವುದಿಲ್ಲ. ನುಡಿಯಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಹೊರಳಲು ‘ಸ್ಕ್ರೋಲ್ ಲಾಕ್’ ಎಂಬ ಕೀಲಿಯನ್ನು ಒತ್ತಬೇಕು. ಈಚಿನ ಮಡಿಸುವ ಯಂತ್ರಗಳಲ್ಲಿ ಹಲವಕ್ಕೆ ಆ ಕೀಲಿಯೇ ಇಲ್ಲವಾದ್ದರಿಂದ ಹಳೆಯ ಕೀಲಿಮಣೆಯನ್ನು ಜೋಪಾನ ಮಾಡಬೇಕು. ಒಳಗಿರುವ ಬಿಲ್ಲೆಯಂಥ ಸಣ್ಣ ಬ್ಯಾಟರಿಯು ಸತ್ತರೆ ಯಂತ್ರವು ತನ್ನ ಏರ್ಪಾಡುಗಳನ್ನೂ ದಿನಾಂಕವನ್ನೂ ಮರೆತುಬಿಡುವುದು. ನನ್ನ ಯಂತ್ರವು ಹೀಗೆ ಮರೆತು, ಎದ್ದಾಗಲೆಲ್ಲ 2002ರ ಜನವರಿ ಒಂದನೆಯ ತಾರೀಖೆಂದು ಸಾಧಿಸುತ್ತಿತ್ತು. ಅದನ್ನು ಗಮನಿಸದೆ 2019ರಲ್ಲಿ ತಿದ್ದಿದ ಕಡತಗಳ ಮೇಲೆಲ್ಲ, ಯಂತ್ರವು ನಮ್ಮ ಮನೆಗೆ ಬರುವುದಕ್ಕಿಂತ ಮೂರು ವರ್ಷ ಹಿಂದಿನ ತಾರೀಖು ಬಿದ್ದಿದೆ. ಕಾಲವನ್ನು ತಪ್ಪಾಗಿ ಹೇಳುವ ತಾಮ್ರಪಟಗಳನ್ನು ಕೂಟಶಾಸನಗಳೆಂದು ತರಗತಿಯಲ್ಲಿ ನಿಂದಿಸುತ್ತಿದ್ದ ನಾನೇ ಕೂಟಶಾಸನಗಳ ಕರ್ತೃವಾದೆನು! ಬಿಲ್ಲೆಯನ್ನು ಬದಲಿಸಿದ್ದಾಗಿದೆ. ಈಚೆಗೆ ಪ್ರತಿಯೊಂದು ಕಡತದ ಕೊನೆಯಲ್ಲಿಯೂ, ಓಲೆಯ ಪ್ರತಿಗಳಿಗೆ ಲಿಪಿಕಾರರು ಬರೆಯುತ್ತಿದ್ದ ಪುಷ್ಪಿಕೆಯಂತೆ, ಇಂಥ ವರ್ಷ, ಇಂಥ ತಂತ್ರಾಂಶ, ಇಂಥ ಫಾಂಟು ಎಂದು ಎರಡು ಸಾಲು ಬರೆಯುತ್ತಿದ್ದೇನೆ.

ತುಂಡುಗಳ ಬರಹವನ್ನು ವರ್ಣಗಳ ಬರಹವಾಗಿ ಮಾರ್ಪಡಿಸುವ ಪರಿವರ್ತಕಗಳು ಈಗ ಧರ್ಮಾರ್ಥವಾಗಿಯೇ ದೊರೆಯುತ್ತವೆ. ನಾನು ಪದಸೂಚಿಯನ್ನು ಅದರಲ್ಲಿ ಹಾಯಿಸಿದಾಗ ಮಂಟಪವೂ ವಂಶವೂ ತಮ್ಮ ತಮ್ಮ ಸ್ಥಾನಕ್ಕೆ ಹೋದವು. ಅರ್ಕಾವೊತ್ತು ಬಹುತೇಕ ಸರಿಬಂದಿತು. ಆದರೆ ಪರಿವರ್ತಕಕ್ಕೆ ನಿಜವಾದ ಇಂಗ್ಲಿಷಿಗೂ ಕನ್ನಡದ ವೇಷದ ಇಂಗ್ಲಿಷಿಗೂ ಭೇದ ತಿಳಿಯದು. ರೈಸರ ಗ್ರಂಥವನ್ನು ಸೂಚಿಸಲು ನಾನು ಸಾವಿರ ಕಡೆ ಇಂಗ್ಲಿಷಿನಲ್ಲಿ ‘ಇ, ಸಿ’ ಎಂಬೆರಡು ದೊಡ್ಡಕ್ಷರಗಳನ್ನು ಬರೆದಿದ್ದೆನು. ಆ ಸ್ಥಾನಗಳಲ್ಲಿ ನುಡಿಯವರ ಇಕಾರವೂ ಅಕಾರವೂ ಇದ್ದುದರಿಂದ ಅವೆಲ್ಲ ‘ಇಅ’ ಎಂದಾದವು. ಸಂಧಿಯೂ ಆಗದ, ಅರ್ಥವೂ ಇಲ್ಲದ ಆ ಪದವನ್ನು ಒಂದೊಂದಾಗಿ ಹುಡುಕಿ ತಿದ್ದಲು ಒಂದು ಮಳೆಗಾಲ ಹಿಡಿಯಿತು.

ನಮ್ಮ ಸೀಮೆಯಲ್ಲಿ ಇಂಥ ಕಡತಗಳು ನನ್ನೊಬ್ಬನಲ್ಲಿಯೇ ಇವೆಯೆಂದು ನಾನು ನಂಬಲಾರೆನು. ದೇವಸ್ಥಾನಗಳ ಲೆಕ್ಕ, ವಂಶಾವಳಿ, ಹಿರಿಯರಿಂದ ಕೇಳಿ ಬರೆದಿಟ್ಟ ಹಾಡು, ಅಚ್ಚಾಗದ ನಾಟಕ ಮುಂತಾದವು ಅಟ್ಟದ ಮೇಲಿನ ಎಷ್ಟು ಯಂತ್ರಗಳಲ್ಲಿ ಪೌಂಡಿನ ಗುರುತುಗಳ ಕೆಳಗೆ ಹುದುಗಿವೆಯೋ! ಅವುಗಳ ಒಡೆಯರು ಯಂತ್ರವನ್ನು ವಿಲೇವಾರಿ ಮಾಡುವ ಮುನ್ನ ಕಡತಗಳೊಡನೆ ಫಾಂಟುಗಳನ್ನೂ ನಕಲುಮಾಡಿ ಇಟ್ಟುಕೊಳ್ಳಬೇಕು; ಅಂಗಡಿಯವರು ‘ಕೆಟ್ಟಿದೆ’ ಎಂದ ಮಾತ್ರಕ್ಕೆ ಅಳಿಸಲು ಒಪ್ಪಬಾರದು. ನನ್ನ ಪದಸೂಚಿಯಲ್ಲಿ ಈಗ ಉಳಿದಿರುವ ಕೆಲಸವು ೞಕಾರದ್ದು. 2005ರಲ್ಲಿ ಅದರ ಕೀಲಿ ಎಲ್ಲಿದೆಯೆಂದು ತಿಳಿಯದೆ, ಹಳೆಯ ಶಾಸನಗಳ ೞಕಾರವಿದ್ದಲ್ಲೆಲ್ಲ ಸಾಮಾನ್ಯ ಳಕಾರವನ್ನೇ ಬರೆದು ಪಕ್ಕದಲ್ಲಿ ನಕ್ಷತ್ರ ಹಾಕಿದ್ದೆನು. ರೈಸರ ಪಾಠವನ್ನು ಎದುರಿಗಿಟ್ಟುಕೊಂಡು ಆ ನಕ್ಷತ್ರಗಳನ್ನು ಅಳಿಸಿ, 3294ರ ಅಕ್ಷರವನ್ನು ಒಂದೊಂದಾಗಿ ಕೂಡಿಸುತ್ತಿದ್ದೇನೆ. ಪಕಾರದ ವರೆಗೆ ಮುಗಿದಿದೆ.